ತೋಟದ ಮನೆಗೆ ರೋಟ್‌ವೈಲರ್ ನಾಯಿ ತಕ್ಕದ್ದೇ?

ಅಡಿಕೆಗೆ ಬೆಲೆ ಬಂದಂದಿನಿಂದ ಅಂಗಳದಲ್ಲಿ ಒಣಹಾಕಿದ ಮಾಲಿಗೆ ಕಾವಲು ಹೇಗೆಂಬ ಮಾತು ಸಂಘದ ಕಛೇರಿಯಲ್ಲಿ ವರ್ಷವೂ ಬರುತ್ತದೆ. ಮೇಲಿನ ಸೀಮೆಯ ಕಾಫಿ ಬೆಳೆಗಾರ ಸದಸ್ಯರಿಗೂ ಕಣದಲ್ಲಿ ಹಣ್ಣು ಹರವಿದ ದಿನಗಳಲ್ಲಿ ಇದೇ ಚಿಂತೆ. ಕಳೆದ ತಿಂಗಳು ತಿಳವಳ್ಳಿ ಹತ್ತಿರದ ಒಬ್ಬ ತರುಣ ಸದಸ್ಯರು ಗೊಬ್ಬರದ ಚೀಟಿ ಬರೆಸಲು ಬಂದವರು, ಮೊಬೈಲಿನಲ್ಲಿ ಒಂದು ಕಪ್ಪು ಮರಿಯ ಚಿತ್ರ ತೋರಿಸಿದರು.

“ಕಾಕಾರ, ಈ ರೋಟ್‌ವೈಲರ್ ಮರಿ ತರಬೇಕಂತ ಮಾಡೇನ್ರಿ. ಇದೊಂದಿದ್ರ ಬೇಲಿ ಹತ್ರಾನೂ ಮಂದಿ ಸುಳಿಯಂಗಿಲ್ಲ ಅಂತಾರ. ಹ್ಯಾಂಗರಿ?”

“ಸುಗ್ಗಿಯಾಗ ನಿಮ್ಮನಿಗೆ ಕೆಲಸಕ್ಕ ಎಷ್ಟು ಮಂದಿ ಬರ್ತಾರಪಾ?” ಎಂದು ಕೇಳಿದೆವು.

“ಹದಿನೈದಿಪ್ಪತ್ತು ಮಂದಿ ಬರ್ತಾರ್ರಿ.”

“ಅವರೂ ಬೇಲಿ ಹತ್ರ ಸುಳೀದಿದ್ರ ಅಡಿಕಿ ಸುಲಿಯೋರು ಯಾರು?”

ಅವರು ನಕ್ಕು ಸುಮ್ಮನಾದರು. ನಾವು ಈ ಜಾತಿಯ ನಾಯಿಯೊಂದನ್ನು ಒಂಬತ್ತು ವರ್ಷ ಸಾಕಿದವರಾದ್ದರಿಂದ ಇಂಥ ಪ್ರಶ್ನೆಗಳು ನಮ್ಮಲ್ಲಿಗೇ ಬರುತ್ತವೆ. ಅಂದು ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೊದಲು ಈ ನಾಯಿ ಎಲ್ಲಿಯದೆಂಬುದು. ಜರ್ಮನಿಯ ದಕ್ಷಿಣ ಭಾಗದಲ್ಲಿ ನೆಕ್ಕರ್ ನದಿಯ ದಡದಲ್ಲಿ ರೋಟ್‌ವೈಲ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿ ದನದ ವ್ಯಾಪಾರ ದೊಡ್ಡದಾಗಿ ನಡೆಯುತ್ತಿತ್ತು. ಕಟುಕರು ದನ ಹೊಡೆದುಕೊಂಡು ಬರಲು, ಮಾಂಸದ ಸಣ್ಣ ಗಾಡಿ ಎಳೆಸಲು, ದಾರಿಯಲ್ಲಿ ಹಣ ಕಾಯಲು ಈ ನಾಯಿಗಳನ್ನು ಇಟ್ಟುಕೊಂಡಿದ್ದರು. ಆದುದರಿಂದಲೇ ಅಲ್ಲಿಯ ಜನ ಅದನ್ನು ರೋಟ್‌ವೈಲಿನ ಕಟುಕರ ನಾಯಿ ಎಂದು ಕರೆದರು. ರೈಲು ಬಂದ ಮೇಲೆ ದನ ನಡೆಸುವ ಕೆಲಸ ತಪ್ಪಿತು, ನಾಯಿಯ ಸಂತತಿಯೂ ಕ್ಷೀಣಿಸಿತು. 1910ರಲ್ಲಿ ಪೊಲೀಸ್ ಕೆಲಸಕ್ಕೆ ಯೋಗ್ಯವಾದ ತಳಿ ಎಂದು ಮನ್ನಣೆ ಸಿಕ್ಕಿ ಮತ್ತೆ ಬೆಲೆ ಬಂದಿತು. 1921ರಲ್ಲಿ ಜರ್ಮನಿಯ ಸಾಕಣೆದಾರರು ಕೂಡಿ ತಳಿಗೆಂದೇ ಒಂದು ಸಂಘ ಕಟ್ಟಿಕೊಂಡರು. ಗಂಡು ನಾಯಿ ಭುಜದ ಬಳಿ 61ರಿಂದ 68 ಸೆಂಟಿಮೀಟರ್ ಎತ್ತರ, ತೂಕ ಸುಮಾರು 50 ಕಿಲೋ. ಹೆಣ್ಣು ಸುಮಾರು 42 ಕಿಲೋ. ಅಂದರೆ ಒಂದು ಸಿಮೆಂಟು ಚೀಲದ ತೂಕ ಓಡಿಬಂದು ಎದೆಯ ಮೇಲೆ ಬಿದ್ದಂತೆ.

ಈ ಇತಿಹಾಸವನ್ನು ಕಾಲಹರಣಕ್ಕೆ ಹೇಳಿದ್ದಲ್ಲ. ದನ ನಡೆಸಿದ ನಾಯಿಗೆ ಮೈಯಿಂದ ತಳ್ಳಿ ದಾರಿಗೆ ತರುವ ಗುಣ ರಕ್ತದಲ್ಲಿರುತ್ತದೆ. ಮನೆಯ ಮಕ್ಕಳನ್ನು ಪ್ರೀತಿಯಿಂದಲೇ ತಳ್ಳುತ್ತದೆ, ಮೂರು ವರ್ಷದ ಮಗು ಮೆಟ್ಟಿಲ ಮೇಲಿಂದ ಬೀಳುತ್ತದೆ. ಹಣ ಕಾಯ್ದ ನಾಯಿಗೆ ತನ್ನವರು ಯಾರು, ಪರರು ಯಾರು ಎಂಬ ಲೆಕ್ಕ ಬಹಳ ಗಟ್ಟಿ. ಮನೆಯವರ ವಿಷಯದಲ್ಲಿ ಇದರಷ್ಟು ಸೌಮ್ಯ ಪ್ರಾಣಿ ನಾವು ಕಂಡಿಲ್ಲ. ನಮ್ಮ ತಾಯಿಯವರು ಜಪಕ್ಕೆ ಕುಳಿತರೆ ಏಳುವ ತನಕ ಅವರ ಸೆರಗಿನ ಮೇಲೆ ಮೂತಿ ಇಟ್ಟು ಮಲಗಿರುತ್ತಿತ್ತು. ಹೆಸರು ಭೀಮ.

ಮರಿಯಾಗಿದ್ದಾಗ ಎಲ್ಲರ ಹತ್ತಿರವೂ ಹೋಗುತ್ತಿದ್ದ ನಾಯಿ ಒಂದೂವರೆಯಿಂದ ಮೂರು ವರ್ಷದೊಳಗೆ ಬದಲಾಗುತ್ತದೆಂಬುದನ್ನು ಮಾರುವವರು ಹೇಳುವುದಿಲ್ಲ. ಕಾವಲಿನ ಬುದ್ಧಿ ಬಲಿಯುವುದು ಆಗಲೇ. ನಮಗೂ ಯಾರೂ ಹೇಳಿರಲಿಲ್ಲ. ಭೀಮನಿಗೆ ಎರಡೂವರೆ ವರ್ಷವಾಗಿದ್ದ ಭಾದ್ರಪದದಲ್ಲಿ ಹಸಿ ಅಡಿಕೆ ಸುಲಿತ ನಡೆದಿತ್ತು. ಆರು ವರ್ಷದಿಂದ ನಮ್ಮ ಮನೆಗೆ ಸುಲಿಯಲು ಬರುತ್ತಿದ್ದ ಒಬ್ಬ ಹೆಣ್ಣುಮಗಳು ಸಂಜೆ ಮನೆಗೆ ಹೋದವಳು, ಮರೆತ ಬುತ್ತಿಯ ಡಬ್ಬಿ ಒಯ್ಯಲು ಕತ್ತಲಾಗುವ ಹೊತ್ತಿಗೆ ತಿರುಗಿ ಬಂದಳು. ಜಿಟಿಜಿಟಿ ಮಳೆ. ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡಿದ್ದಳು. ಹಗಲಿನಲ್ಲಿ ಅವಳ ಕೈಯ ರೊಟ್ಟಿ ತಿನ್ನುತ್ತಿದ್ದ ನಾಯಿಗೆ ಆ ಕೊಪ್ಪೆಯೊಳಗಿನ ಆಕಾರ ಗುರುತು ಸಿಗಲಿಲ್ಲ. ಸರಪಳಿ ಬಿಚ್ಚಿ ಹತ್ತು ನಿಮಿಷವಾಗಿತ್ತು. ಬೊಗಳಲೂ ಇಲ್ಲ. ಮುಂಗೈಗೆ ಬಾಯಿ ಹಾಕಿತು.

ನಮ್ಮ ಕೂಗಿಗೆ ಬಿಟ್ಟಿತೆಂಬುದೊಂದೇ ಪುಣ್ಯ. ಹನ್ನೊಂದು ಹೊಲಿಗೆ ಬಿದ್ದವು. ದವಾಖಾನೆಯ ಖರ್ಚು, ಕೆಲಸಕ್ಕೆ ಬಾರದ ದಿನಗಳ ಪಗಾರ ಎಲ್ಲವನ್ನೂ ಕೊಟ್ಟೆವು. ಆದರೆ ಎಡಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಅದು ಅವಳು ಅಡಿಕೆ ಹಿಡಿಯುವ ಕೈ. ಮೆಟ್ಟುಗತ್ತಿಯ ಮುಂದೆ ದಿನಕ್ಕೆ ಎಲ್ಲರಿಗಿಂತ ಹೆಚ್ಚು ಡಬ್ಬಿ ಸುಲಿಯುತ್ತಿದ್ದವಳು ಈಗ ಅಡಿಕೆ ಆರಿಸುವ ಕೆಲಸಕ್ಕೆ ಕೂಡುತ್ತಾಳೆ. “ಆಗಿದ್ದಾತು ಬಿಡ್ರೀ ಅಣ್ಣಾರ, ಅದಕ್ಕೇನ್ ಗೊತ್ತಿತ್ತು” ಎಂದಳು. ಆ ಮಾತು ನಮಗೆ ಸಮಾಧಾನ ಕೊಡಲಿಲ್ಲ. ಅದಕ್ಕೆ ಗೊತ್ತಿರಲಿಲ್ಲ ನಿಜ, ಗೊತ್ತಿರಬೇಕಾದವರು ನಾವಾಗಿದ್ದೆವು.

ತಪ್ಪು ಎಲ್ಲಿತ್ತು? ಹಗಲು ಕಟ್ಟಿ ರಾತ್ರಿ ಬಿಡುವ ನಮ್ಮ ಕಡೆಯ ಪದ್ಧತಿಯಲ್ಲಿತ್ತು. ದಿನವಿಡೀ ಕಟ್ಟಿದ ನಾಯಿ ಮಂದಿಯನ್ನು ದೂರದಿಂದಲೇ ನೋಡುತ್ತದೆ, ಹತ್ತಿರ ಹೋಗಿ ಮೂಸಿ ಪರಿಚಯ ಮಾಡಿಕೊಳ್ಳಲಾಗದೆ ಒಳಗೊಳಗೇ ಕುದಿಯುತ್ತದೆ. ನಾಟಿ ನಾಯಿಯಾದರೆ ಹೀಗೆ ಕುದಿದದ್ದು ಬೊಗಳಿ ತೀರಿಸಿಕೊಳ್ಳುತ್ತದೆ, ಹೆಚ್ಚೆಂದರೆ ಮೀನಖಂಡಕ್ಕೆ ಹಲ್ಲು ತಾಗಿಸಿ ಓಡುತ್ತದೆ. ಐವತ್ತು ಕಿಲೋದ ನಾಯಿ ಹಿಡಿದರೆ ಅದರ ಪರಿಣಾಮ ಬೇರೆ. ಎರಡರ ಸ್ವಭಾವದಲ್ಲಿ ಇರುವ ವ್ಯತ್ಯಾಸಕ್ಕಿಂತ ಅವುಗಳ ಒಂದೊಂದು ತಪ್ಪಿನ ಬೆಲೆಯಲ್ಲಿರುವ ವ್ಯತ್ಯಾಸ ದೊಡ್ಡದು.

ಈ ಜಾತಿಗೆ ಕೆಟ್ಟ ಹೆಸರು ಬಂದದ್ದೂ ಹೀಗೆಯೇ. ಅಮೆರಿಕದಲ್ಲಿ 1979ರಿಂದ 1998ರ ವರೆಗೆ ನಾಯಿ ಕಡಿತದಿಂದ ಸತ್ತವರ ಲೆಕ್ಕ ತೆಗೆದು 2000ದಲ್ಲಿ ಪಶುವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ನಾಯಿಯ ಜಾತಿ ತಿಳಿದುಬಂದ 238 ಸಾವುಗಳಲ್ಲಿ ಪಿಟ್‌ಬುಲ್ ಬಗೆಯವು 66ರಲ್ಲಿಯೂ ರೋಟ್‌ವೈಲರ್ 39ರಲ್ಲಿಯೂ ಇದ್ದವು. ಆದರೆ ಅದೇ ಲೇಖಕರು, ಯಾವ ಜಾತಿಯ ನಾಯಿ ದೇಶದಲ್ಲಿ ಒಟ್ಟು ಎಷ್ಟಿವೆ ಎಂಬ ಲೆಕ್ಕವೇ ಇಲ್ಲದಿರುವಾಗ ಜಾತಿ ನೋಡಿ ನಿಷೇಧಿಸುವುದು ಸರಿಯಾದ ಉಪಾಯವಲ್ಲ, ಒಡೆಯನ ಹೊಣೆ ಬಿಗಿಮಾಡಬೇಕು ಎಂದೂ ಬರೆದರು. ಅದು ನಮಗೆ ಒಪ್ಪಿಗೆ. ಆದರೂ 39 ಎಂಬ ಅಂಕಿಯನ್ನು ಓದಿದವರು ಒಂದು ಸಲ ತಮ್ಮ ಅಂಗಳದತ್ತ ನೋಡಿಕೊಳ್ಳುವುದು ಒಳ್ಳೆಯದು.

ಕಾನೂನಿನ ವಿಷಯ ಹಲವರಿಗೆ ಗೊಂದಲವಿದೆ. ಕೇಂದ್ರ ಸರಕಾರದ ಪಶುಸಂಗೋಪನಾ ಇಲಾಖೆಯು 12 ಮಾರ್ಚ್ 2024ರಂದು 23 ಜಾತಿಯ ನಾಯಿಗಳ ಮಾರಾಟ, ಸಾಕಣೆ ತಡೆಯಬೇಕೆಂದು ರಾಜ್ಯಗಳಿಗೆ ಪತ್ರ ಬರೆಯಿತು. ಅದರಲ್ಲಿ ರೋಟ್‌ವೈಲರ್, ಮ್ಯಾಸ್ಟಿಫ್, ಕಾಂಗಲ್, ಕಕೇಶಿಯನ್ ಶೆಫರ್ಡ್ ಎಲ್ಲವೂ ಇದ್ದವು. ಬೆಂಗಳೂರಿನಲ್ಲಿ ರೋಟ್‌ವೈಲರ್ ಸಾಕಿದ ಒಬ್ಬರೂ ನಾಯಿ ತರಬೇತುದಾರರೊಬ್ಬರೂ ಕರ್ನಾಟಕ ಹೈಕೋರ್ಟಿಗೆ ಹೋದರು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ ಸುತ್ತೋಲೆ ಎಂದು ನ್ಯಾಯಾಲಯ 10 ಏಪ್ರಿಲ್ 2024ರಂದು ಅದನ್ನು ರದ್ದುಮಾಡಿತು. ಎಲ್ಲರನ್ನೂ ಕೇಳಿ ಕ್ರಮಬದ್ಧವಾಗಿ ಹೊಸದಾಗಿ ನಿಯಮ ಮಾಡಲು ಸರಕಾರಕ್ಕೆ ದಾರಿ ತೆರೆದೇ ಇದೆ. ಆ ಸುತ್ತೋಲೆ ಬಿದ್ದುಹೋಯಿತೆಂದ ಮಾತ್ರಕ್ಕೆ ಒಡೆಯನ ಹೊಣೆ ಬಿದ್ದುಹೋಗಲಿಲ್ಲ. 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳ ವರೆಗೆ ಸಜೆ, ಅಥವಾ ಐದು ಸಾವಿರ ರೂಪಾಯಿ ವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಎಚ್ಚರಿಕೆ, ನಾಯಿ ಇದೆ’ ಎಂಬ ಬೋರ್ಡು ಹಾಕಿದರೆ ಸಾಕೆಂದು ತಿಳಿದವರಿದ್ದಾರೆ. ಸುಲಿಯಲು ಬರುವ ಎಲ್ಲರಿಗೂ ಓದು ಬರುತ್ತದೆಯೇ, ಕತ್ತಲಲ್ಲಿ ಬೋರ್ಡು ಕಾಣುತ್ತದೆಯೇ?

ಇನ್ನು ಖರ್ಚು. ಬೆಳೆದ ಗಂಡು ನಾಯಿಗೆ ಒಣ ಆಹಾರವಾದರೆ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಬೇಕು, ತಿಂಗಳಿಗೆ ಹದಿನೆಂಟು ಕಿಲೋ ಎಂದು ಹಿಡಿಯಿರಿ. ಮನೆಯ ಅನ್ನ ಸಾರಿನಲ್ಲಿ ಈ ಮೈ ಕಟ್ಟುವುದಿಲ್ಲ. ಹೊಟ್ಟೆ ತುಂಬ ಒಂದೇ ಸಲ ಹಾಕಿ ಓಡಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಂಡು ಕೆಲವೇ ತಾಸಿನಲ್ಲಿ ಸಾಯುವುದುಂಟು; ಆದುದರಿಂದ ಎರಡು ಹೊತ್ತು ಹಂಚಿ ಹಾಕಬೇಕು. ಹಿಂಗಾಲಿನ ಕೀಲು ಸಡಿಲವಾಗುವ ದೋಷ ಈ ಜಾತಿಯಲ್ಲಿ ವಂಶದಿಂದ ಬರುತ್ತದೆ. ಪಾರ್ವೊ ಎಂಬ ರಕ್ತಭೇದಿಯ ರೋಗ ಇದರ ಮರಿಗಳಿಗೆ ಉಳಿದವುಗಳಿಗಿಂತ ಬೇಗ ತಗಲುತ್ತದೆ. ದಪ್ಪ ಕಪ್ಪು ತುಪ್ಪಳಿನ ನಾಯಿ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಕಟ್ಟಿದರೆ ಕೊಂದಂತೆಯೇ. ಆಯುಷ್ಯ ಒಂಬತ್ತು ಹತ್ತು ವರ್ಷ. ಭೀಮ ಹೋದದ್ದು ಕಾಲಿನ ಎಲುಬಿನ ಗಡ್ಡೆಯಿಂದ, ಅದೂ ಈ ಜಾತಿಗೆ ಹೆಚ್ಚಾಗಿ ಬರುವ ರೋಗವೇ.

ತೋಟದಲ್ಲಿ ಯಾವ ನಾಯಿ ಸಾಕಿದರೂ ತಿಳಿದಿರಬೇಕಾದ ಕೆಲವು ಸಂಗತಿಗಳು ಪಟ್ಟಣದವರ ಪುಸ್ತಕಗಳಲ್ಲಿ ಸಿಕ್ಕುವುದಿಲ್ಲ. ಸಂಘದಿಂದ ಒಯ್ಯುವ ಔಡಲ ಹಿಂಡಿಯ ವಾಸನೆ ನಾಯಿಗೆ ಬಲು ಇಷ್ಟ, ಬುಡಕ್ಕೆ ಹಾಕಿದ್ದನ್ನು ಕೆದರಿ ತಿನ್ನುತ್ತದೆ. ಅದರಲ್ಲಿ ರೈಸಿನ್ ಎಂಬ ವಿಷವಿರುತ್ತದೆ. ವಾಂತಿ, ರಕ್ತಭೇದಿ ಆಗಿ ಸಾಯುತ್ತದೆ. ವಿಷಕ್ಕೆ ಪ್ರತಿಮದ್ದು ಇಲ್ಲ. ಹಿಂಡಿ ಹಾಕಿದ ಕೂಡಲೇ ಮಣ್ಣು ಮುಚ್ಚಿ, ಒಂದೆರಡು ವಾರ ನಾಯಿಯನ್ನು ಆ ಕಡೆ ಬಿಡಬಾರದು. ಬೋರ್ಡೋ ದ್ರಾವಣದ ಡ್ರಮ್ಮಿನ ತಳದ ನೀರು ನೆಕ್ಕದಂತೆ ನೋಡಬೇಕು. ಕಾಫಿ ಹಣ್ಣು, ಬೀಜದಲ್ಲಿರುವ ಕೆಫೀನ್ ಮನುಷ್ಯನಿಗೆ ಚುರುಕು ಕೊಡುವಷ್ಟೇ ನಾಯಿಯ ಹೃದಯಕ್ಕೆ ಕೇಡು.

ಅಡಿಕೆಯದೊಂದು ಸ್ವಾರಸ್ಯವಿದೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಸತ್ವವನ್ನು ಬಹುಕಾಲ ನಾಯಿಗಳ ಲಾಡಿಹುಳಕ್ಕೆ ಔಷಧವಾಗಿ ವಿದೇಶಗಳಲ್ಲಿ ಕೊಡುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಕುರಿಗಾರರ ನಾಯಿಗಳಿಗೆ ಇದನ್ನೇ ಕುಡಿಸಿ ಭೇದಿ ಮಾಡಿಸಿ ಹುಳ ಹುಡುಕುತ್ತಿದ್ದರು. ಇದನ್ನು ಕೇಳಿ ನಾಯಿಗೆ ಅಡಿಕೆ ಪುಡಿ ಕಲಸಿ ಹಾಕುವವರೂ ಇದ್ದಾರೆ. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಈಗ ಅದಕ್ಕಿಂತ ಒಳ್ಳೆಯ, ಅಗ್ಗದ ಮಾತ್ರೆಗಳು ಬಂದಿರುವಾಗ ನಮ್ಮ ಬೆಳೆಯ ಮೇಲಿನ ಅಭಿಮಾನಕ್ಕೆ ನಾಯಿಯನ್ನು ಬಲಿಕೊಡಬೇಕಾಗಿಲ್ಲ.

ಉಣ್ಣಿಯ ಮಾತನ್ನೂ ಹಗುರವಾಗಿ ಬಿಡುವಂತಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ ಕ್ಯಾಸನೂರು ನಮ್ಮ ಪಕ್ಕದ ಸೊರಬ ತಾಲೂಕಿನದು. ಕಾಡಂಚಿಗೆ ಅಲೆದು ಬರುವ ದನ ನಾಯಿಗಳ ಮೈಗೆ ಹತ್ತಿ ಉಣ್ಣಿ ಮನೆಯ ತನಕ ಬರುತ್ತದೆ. ಬೇಸಿಗೆ ಬರುವ ಮುಂಚೆಯೇ ಪಶುವೈದ್ಯರನ್ನು ಕೇಳಿ ಉಣ್ಣಿಯ ಔಷಧ ಹಾಕಿಸಬೇಕು. ಇಲಿಜ್ವರದ ಲಸಿಕೆಯನ್ನೂ ಮರೆಯಬಾರದು, ಗದ್ದೆ ತೋಟಗಳ ನೀರಿನಲ್ಲಿ ನಾಯಿ ಬೀಳದೆ ಇರುವುದಿಲ್ಲ. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಮೊದಲನೆಯದು, ಆ ಮೇಲೆ ವೈದ್ಯರು ಹೇಳಿದಂತೆ ಮತ್ತೊಂದು, ಬಳಿಕ ವರ್ಷ ವರ್ಷ. ಎಷ್ಟೇ ಲಸಿಕೆ ಹಾಕಿಸಿದ ನಾಯಿಯಾದರೂ ಕಚ್ಚಿದಾಗ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ದವಾಖಾನೆಗೆ ಕರೆದೊಯ್ಯಬೇಕು. ಸುಣ್ಣ, ಖಾರದ ಪುಡಿ, ಅರಿಸಿಣ ಮೆತ್ತುವ ಕೆಲಸ ಇಂದಿಗೂ ನಡೆಯುತ್ತದೆ, ದಯವಿಟ್ಟು ಬೇಡ.

ಹಾಗಾದರೆ ಸಾಕಲೇಬಾರದೇ ಎಂದರೆ ಹಾಗಲ್ಲ. ಆ ಘಟನೆಯ ಬಳಿಕ ಭೀಮ ಆರೂವರೆ ವರ್ಷ ಬದುಕಿದ, ಮತ್ತೊಬ್ಬರ ಮೈ ಮುಟ್ಟಲಿಲ್ಲ. ಹಿತ್ತಲಲ್ಲಿ ಆಳೆತ್ತರದ ಜಾಲರಿ ಹಾಕಿ ನೆರಳಿರುವ ಒಂದು ಆವರಣ ಮಾಡಿಸಿದೆವು. ಸರಪಳಿ ತೆಗೆದು ಎಸೆದೆವು. ಅಂಗಳಕ್ಕೆ ಒಂದರೊಳಗೊಂದು ಎರಡು ಗೇಟು, ಹೊರಗಿನದಕ್ಕೆ ಗಂಟೆ. ಯಾರೇ ಬರಲಿ, ಗಂಟೆ ಬಾರಿಸಿ ಒಳಗಿನಿಂದ ಉತ್ತರ ಬರುವ ತನಕ ನಿಲ್ಲಬೇಕು. ಕೊನೆಗಾರರು, ಚೇಣಿಯವರು, ಹಾಲಿನ ಹುಡುಗ ಎಲ್ಲರಿಗೂ ಇದು ರೂಢಿಯಾಯಿತು. ಸುಗ್ಗಿಗೆ ಮುಂಚೆ ಕೆಲಸದವರ ಎದುರಿಗೆ ನಾಯಿಯನ್ನು ಹಗ್ಗದಲ್ಲಿ ಹಿಡಿದು, ಬಾಯಿಗೆ ಕುಕ್ಕೆ ಹಾಕಿ, ಒಬ್ಬೊಬ್ಬರನ್ನೇ ಪರಿಚಯಿಸುತ್ತಿದ್ದೆವು. ಕೊಪ್ಪೆ ಹಾಕಿ ಒಮ್ಮೆ, ತೆಗೆದು ಒಮ್ಮೆ. ಸುಗ್ಗಿಯ ಎರಡು ಮೂರು ತಿಂಗಳು ಅದು ಹೊರಗೆ ತಿರುಗಾಡುವುದು ನಮ್ಮ ಜೊತೆಗೆ ಮಾತ್ರ. ಮೊದಲು ನಕ್ಕವರೂ ಆಮೇಲೆ ನಗಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಅದು ಕಾವಲು ನಾಯಿಯಾಗಿ ಉಳಿಯಿತೇ ಎಂದು ಕೇಳಿದರೆ, ಅರ್ಧ ಉಳಿಯಿತು. ಅದರ ಸದ್ದಿಗೇ ಕಳ್ಳರು ಬರುವುದಿಲ್ಲ. ಕಚ್ಚಿ ಕಾಯುವ ನಾಯಿ ನಮಗೆ ಬೇಕಾಗಿಯೇ ಇರಲಿಲ್ಲ.

ಬರೀ ಸದ್ದು ಬೇಕಾದವರಿಗೆ ಜರ್ಮನಿಯ ತನಕ ಹೋಗುವ ಕಾರಣವಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಕುರಿ ತರುಬುವ ಕುರುಬರ ಹಿಂಡಿನ ಜೊತೆ ಬರುವ ನಾಯಿಗಳನ್ನು ನೋಡಿದ್ದೀರಿ. ಹಗಲು ದಾರಿಹೋಕರನ್ನು ಕಣ್ಣೆತ್ತಿ ನೋಡದೆ ಮಲಗಿರುತ್ತವೆ, ರಾತ್ರಿ ತಟ್ಟಿಯ ಹತ್ತಿರ ಎಲೆ ಅಲುಗಿದರೂ ಏಳುತ್ತವೆ. ಯಾವ ಶಾಲೆಯಲ್ಲೂ ಕಲಿತದ್ದಲ್ಲ, ಮರಿಯಾಗಿದ್ದಾಗಿನಿಂದ ಕುರಿಯ ನಡುವೆ, ಮಂದಿಯ ನಡುವೆ ಬೆಳೆದದ್ದರ ಫಲ. ಮುಧೋಳ ನಾಯಿ ತರಲೇ ಎಂದು ಕೇಳುವವರಿದ್ದಾರೆ. ಅದು ಕಣ್ಣಿನಿಂದ ನೋಡಿ ಬೆನ್ನಟ್ಟುವ ಬೇಟೆಯ ನಾಯಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಹೆಮ್ಮೆಯ ತಳಿ. ಆದರೆ ಓಡಲು ಬಯಲು ಬೇಕಾದ ಪ್ರಾಣಿಯನ್ನು ಅಡಿಕೆ ಮರಗಳ ಸಂದಿಯಲ್ಲಿ ಕಟ್ಟುವುದು ನ್ಯಾಯವಲ್ಲ. ನಾಯಿಯ ಬೆಲೆ ತಿಳಿಯದ ಜನ ನಾವಲ್ಲ ಎಂಬುದಕ್ಕೆ ಮದ್ದೂರು ತಾಲೂಕಿನ ಆತಕೂರಿನ ಕಲ್ಲೇ ಸಾಕ್ಷಿ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಕ್ರಿ. ಶ. 949-50ರಲ್ಲಿ ಅದರ ಒಡೆಯ ಮಣಲೆರ ನಿಲ್ಲಿಸಿದ ಶಾಸನವದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ಓದಿಯೂ ರೋಟ್‌ವೈಲರ್ ತರುತ್ತೇವೆನ್ನುವವರಿಗೆ ಕೆಲವು ಮಾತು. ಚಿತ್ರ ನೋಡಿ ಮರಿ ಕೊಳ್ಳಬೇಡಿರಿ. ಹೋಗಿ ತಾಯಿ ನಾಯಿಯನ್ನು ನೋಡಿರಿ, ಅದು ಪರರನ್ನು ಕಂಡರೆ ಹೆದರಿ ಮೂಲೆ ಹಿಡಿಯುವುದಾದರೆ ಮರಿ ಬೇಡ. ಅಂಜುಬುರುಕ ನಾಯಿಯೇ ಹೆಚ್ಚು ಕಚ್ಚುವುದು. 2017ರ ನಿಯಮಗಳ ಪ್ರಕಾರ ನಾಯಿ ಸಂತತಿ ಮಾಡಿ ಮಾರುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಎರಡನ್ನೂ ಕೇಳಿರಿ. ಮೂರು ವಾರದಿಂದ ಮೂರು ತಿಂಗಳ ವರೆಗೆ ಮರಿ ಯಾರನ್ನು ನೋಡುತ್ತದೆಯೋ ಅವರನ್ನು ಜಗತ್ತೆಂದು ತಿಳಿಯುತ್ತದೆ. ಆ ವಯಸ್ಸಿನಲ್ಲಿ ಮುದುಕರು, ಮಕ್ಕಳು, ಟೋಪಿಯವರು, ಕೊಡೆಯವರು, ತಲೆಯ ಮೇಲೆ ಹೊರೆ ಹೊತ್ತವರು, ಎಲ್ಲರ ಕೈಯಲ್ಲೂ ಒಂದು ತುತ್ತು ತಿನ್ನಿಸಿರಿ. ನಾಯಿಯನ್ನು ಹಿಡಿಯಬಲ್ಲವರು ಮನೆಯಲ್ಲಿ ಕನಿಷ್ಠ ಇಬ್ಬರಿರಬೇಕು. ಗಂಡಸರು ಪೇಟೆಗೆ ಹೋದ ದಿನ ಮನೆಯ ಹೆಣ್ಣುಮಕ್ಕಳ ಮಾತು ಕೇಳದ ನಾಯಿ ಇದ್ದರೆ ಅದು ಸಾಕಿದ ನಾಯಿಯಲ್ಲ, ಕಟ್ಟಿಹಾಕಿದ ಅಪಾಯ.

ಆ ತರುಣ ಸದಸ್ಯರು ಕಳೆದ ವಾರ ಮತ್ತೆ ಬಂದಿದ್ದರು. ಜಾಲರಿ, ಎರಡು ಗೇಟು, ತಿಂಗಳ ಆಹಾರ ಎಲ್ಲ ಲೆಕ್ಕ ಹಾಕಿ ನೋಡಿ, ಈ ವರ್ಷಕ್ಕೆ ಅಂಗಳಕ್ಕೊಂದು ದೀಪ ಹಾಕಿಸಿ ಓಣಿಯ ಎರಡು ನಾಟಿ ಮರಿ ಕಟ್ಟಿಕೊಂಡಿದ್ದೇನೆ ಎಂದರು; ಬರುವ ವರ್ಷ ನೋಡುತ್ತಾರಂತೆ. ಸದಸ್ಯರಲ್ಲಿ ದೊಡ್ಡ ಜಾತಿಯ ನಾಯಿ ಈಗಾಗಲೇ ಇರುವವರು ತಮ್ಮ ಹೆಸರು, ಊರನ್ನು ಕಛೇರಿಯಲ್ಲಿ ಬರೆಸಬೇಕೆಂದು ಕೋರುತ್ತೇವೆ. ಕೊಯ್ಲಿನ ತಂಡಗಳಿಗೆ ಮನೆಗಳ ಪಟ್ಟಿ ಕೊಡುವಾಗ ಆ ಮನೆಗಳ ಎದುರು ‘ಗಂಟೆ ಬಾರಿಸಿ ನಿಲ್ಲಬೇಕು’ ಎಂದು ಗುರುತು ಹಾಕಿ, ಓದು ಬಾರದವರಿಗೆ ಬಾಯಿಂದ ಹೇಳಿ ಕಳಿಸುತ್ತೇವೆ.